ಮೀನಿಗಿಂತ ಮೊದಲು ನೀರಿಗೆ ಹೆಪ್ಪು

ನಮ್ಮ ಮನೆಗೆ ಅಕ್ವೇರಿಯಂ ಬಂದ ಐದನೇ ದಿನ. ಬೆಳಗಿನ ಮೀಟಿಂಗ್‌ಗೆ ಲಾಗಿನ್ ಆಗೋ ಹೊತ್ತಿಗೆ ಅವ್ವ ಬಾಗಿಲಲ್ಲಿ ಬಂದು ನಿಂತಳು. "ಒಂದ್ ಮೀನ ಹೊಟ್ಟಿ ಮ್ಯಾಲ ಮಾಡಿ ಮಲಗೇತಿ ನೋಡ ಬಾ" ಅಂದಳು. ಮೀನು ಹಾಗೆ ಮಲಗುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಮಧ್ಯಾಹ್ನದೊಳಗೆ ಇನ್ನೆರಡು ಹೋದವು. ಹಿಂದಿನ ಶನಿವಾರ ತಂದಿದ್ದ ಎಂಟು ಮೀನುಗಳಲ್ಲಿ ಮುಂದಿನ ಶನಿವಾರಕ್ಕೆ ಒಂದೂ ಉಳಿಯಲಿಲ್ಲ.

ನಮ್ಮದು ಮೊಟ್ಟೆ ಕೂಡ ಒಳಗೆ ಬರದ ಮನೆ. ಹಿತ್ತಲಿನ ಕರಿಬೇವಿನ ಗಿಡದ ಬುಡದಲ್ಲಿ ಎಂಟು ಸಲ ಮಣ್ಣು ತೋಡಿದೆ. ಎಂಟನೆಯದನ್ನು ಮುಚ್ಚಿ ಕೈ ತೊಳೆಯುವಾಗ ಅವ್ವ ಹೇಳಿದ ಮಾತು ಇವತ್ತಿಗೂ ಚುಚ್ಚುತ್ತದೆ. "ತಿನ್ನಾಕ ಕೊಂದವ್ರು ಹೊಟ್ಟಿ ಹಸಿವಿಗೆ ಕೊಂದ್ರು ಅನ್ನಬಹುದು. ನೀ ಚೆಂದ ಕಾಣ್ಲಿ ಅಂತ ಕೊಂದಿ. ಇನ್ನ ಒಂದ್ ಜೀವ ಹೋದ್ರ ಆ ಗಾಜಿನ ಪೆಟ್ಟಿಗಿ ಈ ಮನಿಯಾಗ ಇರಂಗಿಲ್ಲ."

ನಾನು ಬೈಲಹೊಂಗಲದವನು. ಕೆಲಸ ಬೆಂಗಳೂರಿನ ಕಂಪನಿಯದು. ತಿಂಗಳಿಗೆ ಒಂದು ವಾರ ಆಫೀಸು, ಉಳಿದದ್ದೆಲ್ಲ ಮನೆಯಿಂದ. ದಿನಕ್ಕೆ ಒಂಬತ್ತು ತಾಸು ಸ್ಕ್ರೀನ್ ನೋಡುವವನಿಗೆ ಪಕ್ಕದಲ್ಲೊಂದು ಹಸಿರು ಚೌಕ ಇರಲಿ ಅನ್ನಿಸಿತ್ತು. ಫೋನಿನಲ್ಲಿ ಕಾಣುವ ಆ ಕಾಡಿನಂಥ ಟ್ಯಾಂಕ್‌ಗಳ ಫೋಟೋ ನೀವೂ ನೋಡಿರ್ತೀರಿ. ಆ ಶೈಲಿಯನ್ನು ಬೆಳೆಸಿದವರು ಜಪಾನಿನ ನೀಗಾಟಾದ ತಕಾಶಿ ಅಮಾನೋ (1954–2015). ಮೂಲತಃ ಛಾಯಾಗ್ರಾಹಕ. ಅವರ ಕೊನೆಯ ದೊಡ್ಡ ಕೆಲಸ ಲಿಸ್ಬನ್‌ನಲ್ಲಿದೆ, 40 ಮೀಟರ್ ಉದ್ದದ ಟ್ಯಾಂಕ್. ನನ್ನದು ಎರಡು ಫೂಟಿನದು. ಫೋಟೋ ನೋಡಿ ಆಸೆಪಟ್ಟೆ. ಅದರ ಹಿಂದೆ ಎಷ್ಟು ವಾರ ಖಾಲಿ ನೀರು ಕಾದಿರುತ್ತದೆ ಅನ್ನೋದು ಫೋಟೋದಲ್ಲಿ ಕಾಣೋದಿಲ್ಲ.

ಸತ್ತಿದ್ದು ಯಾಕೆ?

ಅಂಗಡಿಯಿಂದ ತಂದ ದಿನವೇ ನೀರು ತುಂಬಿ, ಅದೇ ಸಂಜೆ ಎಂಟು ಮೀನು ಬಿಟ್ಟಿದ್ದೆ. ಟೆಸ್ಟಿಂಗ್ ಮಾಡದೇ ಶುಕ್ರವಾರ ಸಂಜೆ ಪ್ರೊಡಕ್ಷನ್‌ಗೆ ಕೋಡ್ ಬಿಟ್ಟಂಗ. ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದ್ದರೆ ನಾನೇ ಬೈತಿದ್ದೆ.

ಮೀನು ಉಸಿರಾಡುವಾಗ ಕಿವಿರಿನಿಂದಲೇ ಅಮೋನಿಯಾ ಹೊರಬರುತ್ತದೆ. ಹಿಕ್ಕೆಯಿಂದ, ತಿನ್ನದೆ ಉಳಿದ ಆಹಾರ ಕೊಳೆತರೆ ಅದರಿಂದಲೂ ಬರುತ್ತದೆ. ನದಿಯಲ್ಲಾದರೆ ಹರಿದು ಹೋಗುತ್ತದೆ, ಟ್ಯಾಂಕಿನಲ್ಲಿ ಎಲ್ಲಿಗೆ ಹೋಗಬೇಕು? ಕೆಲವು ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಇನ್ನೂ ಕೆಲವು ಆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತವೆ. ಅದು ಬಹಳ ಹೆಚ್ಚಾಗದಿದ್ದರೆ ಮೀನಿಗೆ ತೊಂದರೆಯಿಲ್ಲ, ಗಿಡಗಳಿಗೆ ಗೊಬ್ಬರ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜು, ಮರಳು, ಕಲ್ಲುಗಳ ಮೇಲೆ ಕೂತು ಬೆಳೆಯಬೇಕು. ಹೊಸ ಟ್ಯಾಂಕಿನಲ್ಲಿ ಅವು ಇರುವುದೇ ಇಲ್ಲ ಅನ್ನುವಷ್ಟು ಕಡಿಮೆ. ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು.

ನಮ್ಮ ಕಡೆಯ ನೀರು ಇದನ್ನು ಇನ್ನಷ್ಟು ಕೆಡಿಸುತ್ತದೆ. ನಮ್ಮ ಬೋರ್‌ವೆಲ್ ನೀರಲ್ಲಿ ಸಾಬೂನು ನೊರೆ ಬರೋದಿಲ್ಲ, ನಲ್ಲಿ ಬಾಯಿಗೆ ಬಿಳಿ ಸುಣ್ಣ ಕಟ್ಟುತ್ತದೆ. ಆಮೇಲೆ ಅಳೆದಾಗ ಪಿಎಚ್ 8 ತೋರಿಸಿತು. ಪಿಎಚ್ 7 ಇದ್ದ ನೀರಿಗೆ ಹೋಲಿಸಿದರೆ 8 ಇದ್ದ ನೀರಲ್ಲಿ ಅದೇ ಅಮೋನಿಯಾದ ವಿಷದ ಪಾಲು ಸುಮಾರು ಹತ್ತು ಪಟ್ಟು. ಬೇರೆ ಕಡೆ ಬದುಕಿ ಉಳಿಯಬಹುದಾದ ಮೀನು ನಮ್ಮಲ್ಲಿ ಉಳಿಯಲಿಲ್ಲ.

ಅವ್ವನಿಗೆ ಇದೆಲ್ಲ ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಕಿತ್ತೂರಿನಲ್ಲಿರುವ ನನ್ನ ಕಾಲೇಜಿನ ದೋಸ್ತ್ ಒಂದೇ ಮಾತಲ್ಲಿ ಮುಗಿಸಿದ. ಅವನ ಮನೆಯಲ್ಲಿ ನಾಲ್ಕು ವರ್ಷದ ಟ್ಯಾಂಕ್ ಇದೆ. ಫೋನ್ ಸ್ಪೀಕರ್‌ನಲ್ಲಿತ್ತು. "ಹಾಲಿಗೆ ಹೆಪ್ಪು ಹಾಕದ ಮೊಸರ ಆಕ್ಕೈತೇನಲೇ? ನೀರಿಗೂ ಹೆಪ್ಪ ಬೇಕು. ನನ್ನ ಫಿಲ್ಟರಿನ ಹಳೇ ಸ್ಪಂಜ್ ಅರ್ಧ ಕೊಡ್ತೇನಿ, ಬಂದ್ ಒಯ್ಯಿ."

ಅಡುಗೆ ಮನೆಯಿಂದ ಅವ್ವ, "ಹಂಗಂದ್ರ ತಿಳೀತು ನೋಡ್" ಅಂದಳು. ನನಗೆ ಸಿಕ್ಕ ಎರಡನೇ ಅವಕಾಶ ಅದೇ.

ಎರಡನೇ ಸಲ, ನಿಧಾನ

ಟ್ಯಾಂಕ್ ಅದೇ: 60 ಸೆಂ.ಮೀ. ಉದ್ದ, 30 ಅಗಲ, 36 ಎತ್ತರ. ಮೂರನ್ನೂ ಗುಣಿಸಿ 1,000ದಿಂದ ಭಾಗಿಸಿದರೆ ಲೀಟರ್ ಬರುತ್ತದೆ, ಹತ್ತಿರ ಹತ್ತಿರ 65. ನೀರೇ 65 ಕಿಲೋ, ಮೇಲೆ ಮಣ್ಣು, ಕಲ್ಲು, ಗಾಜು. ಒಬ್ಬ ದೊಡ್ಡ ಆಳು ಯಾವಾಗಲೂ ಅಲ್ಲೇ ನಿಂತಂತೆ. ಮೊದಲ ಸಲ ಪ್ಲೈವುಡ್ ಕಂಪ್ಯೂಟರ್ ಟೇಬಲ್ ಮೇಲೆ ಇಟ್ಟಿದ್ದೆ (ಅದು ಮುರಿಯದಿದ್ದದ್ದೇ ಪುಣ್ಯ). ಈ ಸಲ ಗೋಡೆಗೆ ಹೊಂದಿದ ಕಲ್ಲಿನ ಕಟ್ಟೆ, ಕೆಳಗೊಂದು ಥರ್ಮಾಕೋಲ್ ಹಾಳೆ. ಕಿಟಕಿಯ ಬಿಸಿಲು ನೇರ ಬೀಳದ ಮೂಲೆ. ಬಿಸಿಲು ಬಿದ್ದರೆ ವಾರದಲ್ಲಿ ಗಾಜಿನ ಮೇಲೆ ಹಸಿರು ಪಾಚಿ.

ಮಣ್ಣಿನ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಸಿಗುವ ಅಕ್ವಾ ಸಾಯಿಲ್ ಚೀಲದ ಬೆಲೆ ನೋಡಿ ಕಣ್ಣು ಕತ್ತಲೆ ಬಂತು. ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರಲ್ಲಿ ಬರೆದ ಪುಸ್ತಕವೊಂದು ನೀರಿನ ಗಿಡಗಳ ಟ್ಯಾಂಕಿಗೆ ಸಾದಾ ಮಣ್ಣಿನ ದಾರಿ ತೋರಿಸಿತ್ತು. ಕೆಳಗೆ ಒಂದಿಂಚು ಮಣ್ಣು, ಮೇಲೆ ಒಂದಿಂಚು ಮರಳು, ತುಂಬ ಗಿಡ, ಕಡಿಮೆ ಮೀನು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬೇಕಿಲ್ಲ. ನನಗೆ ಒಗ್ಗಿದ್ದು ಇದೇ.

ಆದರೆ ಯಾವ ಮಣ್ಣು? ನಮ್ಮದು ಎರಿ ಹೊಲ. ಎರಿ ಮಣ್ಣು ನೀರು ಕುಡಿದು ಉಬ್ಬುತ್ತದೆ, ಅಲುಗಿದರೆ ದಿನಗಟ್ಟಲೆ ರಾಡಿ, ಜೊತೆಗೆ ಸುಣ್ಣದ ಹರಳು ಬೇರೆ. ಕಿತ್ತೂರಿನ ದೋಸ್ತ್ ತನ್ನ ಹಿತ್ತಲಿನ ಮಸಾರಿ ಮಣ್ಣು ಕೊಟ್ಟ. ಕೆಂಪು ಮಣ್ಣು, ಕಬ್ಬಿಣದ ಅಂಶ ಇದ್ದದ್ದು, ಗಿಡಗಳಿಗೆ ಒಳ್ಳೆಯದು. ಎಲ್ಲಿಂದ ತಂದರೂ ಯೂರಿಯಾ, ಕೀಟನಾಶಕ ಬಿದ್ದ ಹೊಲದ್ದು ಮಾತ್ರ ಬೇಡ. ಜರಡಿ ಹಿಡಿದು, ಬೇರು-ಕಸ ತೆಗೆದು, ಎರಡು ಸಲ ನೆನೆಸಿ ಒಣಗಿಸಿ ಹಾಕಿದೆ. ಮೇಲಿನ ಮರಳು ಓಣಿಯಲ್ಲಿ ಮನೆ ಕಟ್ಟಿಸುತ್ತಿದ್ದವರ ಹತ್ತಿರ ಉಳಿದಿದ್ದು. ತೊಳೆದ ನೀರು ತಿಳಿಯಾಗುವವರೆಗೆ ತೊಳೆದೆ. ಹದಿನಾಲ್ಕು ಬಕೆಟ್ ನೀರು ಹೋಯಿತು. ಅದು ತೆಂಗಿನ ಗಿಡಕ್ಕೆ.

ಕಲ್ಲಿಗೆ ಸವದತ್ತಿಯ ದೊಡ್ಡವ್ವನ ಮನೆ. ಸವದತ್ತಿ, ನವಿಲುತೀರ್ಥದ ಸುತ್ತ ಗುಡ್ಡಗಳೆಲ್ಲ ಮರಳುಗಲ್ಲಿನವು. ಆ ಕಲ್ಲು ನೀರನ್ನು ಬದಲಿಸೋದಿಲ್ಲ. ರಾಮದುರ್ಗ ದಾಟಿ ಲೋಕಾಪುರ, ಬಾಗಲಕೋಟೆ ಕಡೆ ಹೋದರೆ ಸುಣ್ಣಗಲ್ಲು ಸಿಗುತ್ತದೆ, ಸಿಮೆಂಟ್ ಫ್ಯಾಕ್ಟರಿಗಳು ಅಲ್ಲಿರುವುದು ಸುಮ್ಮನೆ ಅಲ್ಲ. ಅದನ್ನು ಹಾಕಿದರೆ ಮೊದಲೇ ಗಡಸಾದ ನೀರು ಇನ್ನೂ ಗಡಸು. ಗುರುತಿಸೋದು ಸುಲಭ: ಕಲ್ಲಿನ ಮೇಲೆ ಲಿಂಬಿಹಣ್ಣು ಹಿಂಡಿ. ಬುರುಬುರು ಗುಳ್ಳೆ ಬಂದರೆ ಸುಣ್ಣಗಲ್ಲು, ಬಿಟ್ಟುಬಿಡಿ.

ಗಿಡಗಳಲ್ಲಿ ನಾನು ಆರಿಸಿದ್ದು ಗಡಸು ನೀರಿಗೆ ಹೆದರದವು. ಉದ್ದ ಪಟ್ಟಿಯಂಥ ಎಲೆಯ ವ್ಯಾಲಿಸ್ನೇರಿಯಾ, ಬೇರಿಲ್ಲದೆ ತೇಲುವ ಹಾರ್ನ್‌ವರ್ಟ್, ಮತ್ತೆ ಹೈಡ್ರಿಲಾ. ಮೂರೂ ನಮ್ಮ ದೇಶದ ಕೆರೆ-ಕಾಲುವೆಗಳಲ್ಲೇ ಬೆಳೆಯುವಂಥವು. ಬೇಗ ಬೆಳೆಯುವ ಗಿಡ ಮೊದಲು ಹಾಕಬೇಕು, ಯಾಕಂದರೆ ಅವು ಅಮೋನಿಯಾವನ್ನು ನೇರವಾಗಿಯೇ ಹೀರುತ್ತವೆ. ಕಲ್ಲಿಗೆ ದಾರ ಕಟ್ಟಿ ಕೂರಿಸಿದ್ದು ಜಾವಾ ಫರ್ನ್, ಅನೂಬಿಯಾಸ್. ಇವುಗಳ ಗಡ್ಡೆಯನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ. ಮುಂದೆ ಎರಡು ಕ್ರಿಪ್ಟೊಕೊರೈನ್. ಈ ಜಾತಿಯ ಕೆಲವು ಗಿಡಗಳು ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೇ ಇವೆ, ಆದರೆ ಅಂಗಡಿಯಲ್ಲಿ ಸಿಗೋದು ಹೆಚ್ಚಾಗಿ ಶ್ರೀಲಂಕಾದ ವೆಂಡ್ಟಿ. ನೆಟ್ಟ ವಾರದಲ್ಲಿ ಅದರ ಎಲೆಯೆಲ್ಲ ಕರಗಿ ಲೋಳೆಯಾಯಿತು. ಕಿತ್ತು ಒಗೆಯಬೇಡಿ. ಜಾಗ ಬದಲಾದರೆ ಅದು ಹಾಗೇ ಮಾಡುತ್ತದೆ, ಬೇರು ಬದುಕಿದ್ದರೆ ತಿಂಗಳಲ್ಲಿ ಹೊಸ ಎಲೆ.

ಹೈಡ್ರಿಲಾ ಮಾತ್ರ ಮಲಪ್ರಭಾ ಕಾಲುವೆಯಿಂದ ದೊಡ್ಡವ್ವನ ಮೊಮ್ಮಗ ತಂದುಕೊಟ್ಟಿದ್ದ. ಕಾಲುವೆ ಗಿಡ ಪುಕ್ಕಟೆ ಅಂತ ನೇರ ಟ್ಯಾಂಕಿಗೆ ಹಾಕಬೇಡಿ. ನನ್ನ ಹಿಡಿಯಷ್ಟು ಬಳ್ಳಿಯಲ್ಲಿ ಬಸವನಹುಳುವಿನ ಮೊಟ್ಟೆ ಇತ್ತು, ಒಂದು ಏರೋಪ್ಲೇನ್ ಚಿಟ್ಟೆಯ ಮರಿಯೂ ಇತ್ತು. ಆ ಮರಿ ಸಣ್ಣ ಮೀನನ್ನೇ ಹಿಡಿದು ತಿನ್ನುತ್ತದೆ. ಬೇರೆ ಬಕೆಟ್‌ನಲ್ಲಿ ಹದಿನೈದು ದಿನ ಇಟ್ಟು, ದಿನಾ ನೋಡಿ, ನೀರು ಬದಲಿಸಿ, ಆಮೇಲೆ ಹಾಕಿದೆ.

ನನ್ನ ಖರ್ಚು ಕೇಳುವವರಿಗೆ: ಟ್ಯಾಂಕ್ 1,400 ರೂಪಾಯಿ, ಎಲ್‌ಇಡಿ ಲೈಟ್ 900, ಸ್ಪಂಜ್ ಫಿಲ್ಟರ್ ಮತ್ತು ಏರ್ ಪಂಪ್ 600, ನೀರು ಪರೀಕ್ಷೆಯ ಕಿಟ್ 1,100, ಗಿಡಗಳಿಗೆ 700. ಮೊದಲ ಸಲ ಕಿಟ್ ಯಾಕೆ ಬೇಕು ಅಂತ ಬಿಟ್ಟಿದ್ದೆ. ಈಗ ಕೇಳಿದರೆ ಲೈಟಿಗಿಂತ ಮೊದಲು ಕಿಟ್ ತಗೊಳ್ಳಿ ಅಂತೀನಿ.

ನೀರು

ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ಅದು ಮೀನಿನ ಕಿವಿರನ್ನೂ ಸುಡುತ್ತದೆ, ನಾವು ಬೆಳೆಸುತ್ತಿರುವ ಹೆಪ್ಪನ್ನೂ ಕೊಲ್ಲುತ್ತದೆ. ಅಗಲ ಬಾಯಿಯ ಬಕೆಟ್‌ನಲ್ಲಿ ಒಂದು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಅವಸರ ಇದ್ದರೆ ಅಂಗಡಿಯ ಆಂಟಿ-ಕ್ಲೋರಿನ್ ಹನಿ. ಬೋರ್‌ವೆಲ್ ನೀರಿಗೆ ಕ್ಲೋರಿನ್ ತೊಂದರೆ ಇಲ್ಲ, ಗಡಸುತನದ್ದು ಇದೆ. ಓಣಿಯ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು ಅದನ್ನೇ ಪೂರ್ತಿ ತುಂಬಿದರಾಯ್ತು ಅಂತ ನಾನೂ ಅಂದುಕೊಂಡಿದ್ದೆ. ಆ ನೀರಲ್ಲಿ ಲವಣವೇ ಕಡಿಮೆ, ಬರೀ ಅದರಲ್ಲಿ ಗಿಡ-ಮೀನು ಎರಡೂ ಸೊರಗುತ್ತವೆ, ಪಿಎಚ್ ಕೂಡ ನಿಲ್ಲೋದಿಲ್ಲ. ಅರ್ಧ ಬೋರ್‌ವೆಲ್, ಅರ್ಧ ಕ್ಯಾನ್ ಸೇರಿಸಿದೆ. ಮಳೆಗಾಲದಲ್ಲಿ ಕ್ಯಾನಿನ ಬದಲು ಮಾಳಿಗೆಯ ಮಳೆ ನೀರು.

ಹಳೇ ಸ್ಪಂಜನ್ನು ಕಿತ್ತೂರಿನಿಂದ ತಂದದ್ದು ಅವನ ಟ್ಯಾಂಕಿನ ನೀರೇ ತುಂಬಿದ ಸ್ಟೀಲ್ ಡಬ್ಬಿಯಲ್ಲಿ. ಒಣಗಿದರೆ ಹೆಪ್ಪು ಸತ್ತಂತೆ. ಬಸ್ಸಿನಲ್ಲಿ ಪಕ್ಕದ ಅಜ್ಜಾರು "ಏನೈತಿ ತಮ್ಮಾ ಡಬ್ಬಿಯಾಗ, ಪಾಯಸೇನ?" ಅಂತ ಕೇಳಿದರು. ಮುಚ್ಚಳ ತೆಗೆದು ತೋರಿಸಿದೆ, ಆಮೇಲೆ ಅವರು ಮಾತಾಡಲಿಲ್ಲ.

ಮೀನಿಲ್ಲದ ಟ್ಯಾಂಕಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಬಂದೆ. ಅದು ಕೊಳೆತು ಅಮೋನಿಯಾ ಆಗಿ ಬ್ಯಾಕ್ಟೀರಿಯಾಕ್ಕೆ ಊಟ ಸಿಗಬೇಕಲ್ಲ. ಸಂಜೆ ಕಿಟ್‌ನಲ್ಲಿ ಅಳೆದು ಎಕ್ಸೆಲ್‌ನಲ್ಲಿ ಬರೆದಿಟ್ಟೆ. ಐದನೇ ದಿನ ಅಮೋನಿಯಾ 2 ಪಿಪಿಎಂ. ಒಂಬತ್ತನೇ ದಿನ ನೈಟ್ರೈಟ್ ಕಾಣಿಸಿತು. ಇಪ್ಪತ್ಮೂರನೇ ದಿನ ಎರಡೂ ಸೊನ್ನೆ, ನೈಟ್ರೇಟ್ ಮಾತ್ರ ಸ್ವಲ್ಪ. ಹೆಪ್ಪು ಮತ್ತು ಗಿಡ ಇಲ್ಲದಿದ್ದರೆ ಇನ್ನೂ ಎರಡು-ಮೂರು ವಾರ ಹಿಡಿಯುತ್ತಿತ್ತೇನೋ. ಮನೆಗೆ ಬಂದವರೆಲ್ಲ "ಮೀನ ಎಲ್ಲಿ?" ಅಂತ ಕೇಳೋರು. ಅವ್ವ ನನಗಿಂತ ಮೊದಲೇ ಉತ್ತರ ಕೊಡ್ತಿದ್ದಳು, "ಇನ್ನ ಹೆಪ್ಪಾಗಿಲ್ರಿ."

ಸೊನ್ನೆ ಬಂದ ಮೇಲೂ ಒಂದು ವಾರ ಕಾದೆ. ಸುಳ್ಳು ಯಾಕೆ, ಭಯ ಇತ್ತು.

ಬಂದ ಮೀನು

ಆಸೆ ಇದ್ದದ್ದು ನಿಯಾನ್ ಟೆಟ್ರಾ ಮೇಲೆ. ಅದು ಅಮೆಜಾನಿನ ಮೆದು ನೀರಿನ ಮೀನು. ನಮ್ಮ ನೀರನ್ನು ಅದಕ್ಕೆ ಹೊಂದಿಸಲು ದಿನಾ ಗುದ್ದಾಡೋದಕ್ಕಿಂತ ನಮ್ಮ ನೀರಿಗೆ ಹೊಂದುವ ಮೀನು ತರೋದೇ ಸರಿ ಅನ್ನಿಸಿತು. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಇವೆಲ್ಲ ಗಡಸು ನೀರಲ್ಲೇ ಖುಷಿಯಾಗಿರುವಂಥವು. ಗೋಲ್ಡ್ ಫಿಶ್ ಬಗ್ಗೆ ಒಂದು ಮಾತು: ಸಣ್ಣದಿದ್ದಾಗ ಮುದ್ದು, ಆದರೆ ಗೇಣುದ್ದ ಬೆಳೆಯುತ್ತದೆ, ಗಲೀಜೂ ಹೆಚ್ಚು, ಗಿಡವನ್ನೂ ತಿನ್ನುತ್ತದೆ. ಎರಡು ಫೂಟಿನ ಟ್ಯಾಂಕಿಗೆ, ಅದರಲ್ಲೂ ಗುಂಡು ಬಟ್ಟಲಿಗೆ, ಅದನ್ನು ಹಾಕುವುದು ಹಿಂಸೆ.

ಮೊದಲು ಬೆಳಗಾವಿಯಿಂದ ನಾಲ್ಕು ಗಪ್ಪಿ ತಂದೆ, ನಾಲ್ಕೇ. ಚೀಲವನ್ನು ಇಪ್ಪತ್ತು ನಿಮಿಷ ಟ್ಯಾಂಕಿನಲ್ಲಿ ತೇಲಿಬಿಟ್ಟು, ಚಹಾ ಕಪ್ಪಿನಲ್ಲಿ ಸ್ವಲ್ಪ ಸ್ವಲ್ಪ ಟ್ಯಾಂಕಿನ ನೀರು ಸೇರಿಸಿ, ಜಾಳಿಗೆಯಿಂದ ಮೀನು ಮಾತ್ರ ಎತ್ತಿ ಬಿಟ್ಟೆ. ಚೀಲದ ನೀರು ಟ್ಯಾಂಕಿಗೆ ಬೇಡ. ಅವತ್ತು ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ನೋಡಿದೆ. ಎರಡನೇ ಸಲ ಅವ್ವ ಆಗಲೇ ಅಲ್ಲಿ ನಿಂತಿದ್ದಳು.

ಎರಡು ವಾರ ಬಿಟ್ಟು ಇನ್ನು ನಾಲ್ಕು, ತಿಂಗಳ ಮೇಲೆ ಮೂರು ಪ್ಲಾಟಿ. ಒಮ್ಮೆಲೇ ಹಾಕಿದರೆ ಅಷ್ಟು ಅಮೋನಿಯಾ ತಿನ್ನುವಷ್ಟು ಬ್ಯಾಕ್ಟೀರಿಯಾ ಇರೋದಿಲ್ಲ. ಲೈಟು ದಿನಕ್ಕೆ ಏಳು ತಾಸು, ಟೈಮರ್ ಪ್ಲಗ್ ನೋಡಿಕೊಳ್ಳುತ್ತದೆ. ಭಾನುವಾರ ಕಾಲು ಭಾಗ ನೀರು ತೆಗೆದು ಹೊಸದು ಹಾಕೋದು. ತೆಗೆದ ನೀರು ತುಳಸಿಗೆ, ಗುಲಾಬಿಗೆ. ಆಹಾರ ದಿನಕ್ಕೊಂದು ಸಲ, ಎರಡು ನಿಮಿಷದಲ್ಲಿ ಖಾಲಿ ಆಗುವಷ್ಟು. ವಾರಕ್ಕೊಂದು ದಿನ ಉಪವಾಸ ಇದ್ದರೆ ಒಳ್ಳೆಯದು ಅಂತ ಓದಿ ಹೇಳಿದೆ. ಅವ್ವ ಸೋಮವಾರ ಅಂತ ನಿಗದಿ ಮಾಡಿದಳು, ತನ್ನ ಒಪ್ಪತ್ತಿನ ದಿನವೇ.

ಎರಡು ಗಂಡಾಂತರ

ಒಂದು ದಿನ ನಾನು ಬೆಂಗಳೂರಿನಲ್ಲಿದ್ದಾಗ ಅವ್ವ ಸ್ಪಂಜ್ ರಾಡಿಯಾಗಿದೆ ಅಂತ ನಲ್ಲಿ ಕೆಳಗೆ ಹಿಡಿದು ಬೆಳ್ಳಗೆ ತೊಳೆದಿಟ್ಟಳು. ಮರುದಿನ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿವೆ ಅಂತ ಫೋನ್. ವಿಡಿಯೋ ಕಾಲ್‌ನಲ್ಲೇ ಕಿಟ್ ಹೇಗೆ ಬಳಸೋದು ಅಂತ ಹೇಳಿದೆ. ಅವ್ವ ಏಳನೇ ಇಯತ್ತೆವರೆಗೆ ಓದಿದವಳು, ಹನಿ ಎಣಿಸಿ ಹಾಕಿ, ಬಣ್ಣದ ಪಟ್ಟಿಗೆ ಹೋಲಿಸಿ, "ಹಸರ ಆಗೇತಿ, ಹಳದಿ ಇಲ್ಲ" ಅಂದಳು. ಅಮೋನಿಯಾ. ಮೂರು ದಿನ, ದಿನಾ ಮೂರನೇ ಒಂದು ಭಾಗ ನೀರು ಬದಲಿಸಿದಳು, ಆಹಾರ ಬಂದ್. ಒಂದೂ ಸಾಯಲಿಲ್ಲ. ಸ್ಪಂಜನ್ನು ತೊಳೆಯುವುದಿದ್ದರೆ ಟ್ಯಾಂಕಿನಿಂದ ತೆಗೆದ ನೀರಲ್ಲೇ, ಎರಡು ಸಲ ಹಿಂಡಿದರೆ ಸಾಕು. "ಹೆಪ್ಪಿನ ಗಡಗಿ ಬೂದಿ ಹಚ್ಚಿ ತಿಕ್ಕಿದಂಗ ಆತಲ್ಲೋ" ಅಂತ ಅವಳೇ ಬೇಜಾರು ಮಾಡಿಕೊಂಡಳು.

ಇನ್ನೊಂದು, ಏಪ್ರಿಲ್. ಟ್ಯಾಂಕಿನ ನೀರು 33 ಡಿಗ್ರಿ ಮುಟ್ಟಿತು. ಈ ಮೀನುಗಳಿಗೆ 24ರಿಂದ 28 ಹಿತ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಲೀಟರಿಗೆ 20 ಡಿಗ್ರಿಯಲ್ಲಿ ಸುಮಾರು 9 ಮಿಲಿಗ್ರಾಂ ಹಿಡಿದರೆ 30ರಲ್ಲಿ ಏಳೂವರೆ. ಮುಚ್ಚಳ ತೆಗೆದು ನೀರಿನ ಮೇಲೆ ಸಣ್ಣ ಟೇಬಲ್ ಫ್ಯಾನ್ ಇಟ್ಟೆ. ಆವಿಯಾಗುತ್ತ ಎರಡು-ಮೂರು ಡಿಗ್ರಿ ಇಳಿಯಿತು. ನಮ್ಮ ಮಣ್ಣಿನ ಕೊಡದ ಲೆಕ್ಕವೇ ಅದು. ಕರೆಂಟ್ ಹೋದರೆ ಸ್ಪಂಜಿನೊಳಗಿನ ಹೆಪ್ಪಿಗೂ ಉಸಿರು ಸಿಗೋದಿಲ್ಲ, ಹಾಗಾಗಿ ರೌಟರ್ ಇರುವ ಇನ್ವರ್ಟರ್ ಲೈನಿಗೇ ಏರ್ ಪಂಪನ್ನೂ ಹಾಕಿದೆ. ಐದು ವ್ಯಾಟ್ ಕೂಡ ಎಳೆಯೋದಿಲ್ಲ.

ಮರಿಗಳು, ಮತ್ತು ಮಲಪ್ರಭಾ

ಗಪ್ಪಿ ಮೊಟ್ಟೆ ಇಡೋದಿಲ್ಲ, ಮರಿಯನ್ನೇ ಹಾಕುತ್ತದೆ. ತಿಂಗಳಿಗೊಮ್ಮೆ, ಒಂದು ಸಲಕ್ಕೆ ಇಪ್ಪತ್ತು-ಮೂವತ್ತು. ಹೆಣ್ಣು ಬೇಡ, ಗಂಡು ಮಾತ್ರ ತಗೊಳ್ಳಿ ಅಂತ ದೋಸ್ತ್ ಹೇಳಿದ್ದ, ನಾನು ಕೇಳಲಿಲ್ಲ. ಹಾರ್ನ್‌ವರ್ಟ್ ಒಳಗೆ ಅಡಗಿ ಬಹಳಷ್ಟು ಬದುಕಿದವು. ಮಳೆಗಾಲಕ್ಕೆ ಅರವತ್ತು ಆಗಿದ್ದವು, ನೈಟ್ರೇಟ್ 40 ದಾಟುತ್ತಿತ್ತು.

ಓಣಿಯವರ ಸಲಹೆ ಒಂದೇ: "ಮಲಪ್ರಭಾಕ್ಕ ಬಿಡ್ರಿ, ಪುಣ್ಯ ಬರತೈತಿ." ಇದೊಂದು ಮಾತ್ರ ಮಾಡಬೇಡಿ. ಗಪ್ಪಿ ದಕ್ಷಿಣ ಅಮೆರಿಕದ ಮೀನು. ಸೊಳ್ಳೆಮರಿ ತಿನ್ನಲಿ ಅಂತ ಅದನ್ನು ತೊಟ್ಟಿ, ಬಾವಿಗೆ ಬಿಡುವುದುಂಟು, ಅದು ಬೇರೆ. ಹರಿಯುವ ಹೊಳೆಗೆ ಬಿಟ್ಟರೆ ಅಲ್ಲಿಯ ಸಣ್ಣ ಮೀನುಗಳ ಊಟ, ಮೊಟ್ಟೆ ಎರಡಕ್ಕೂ ಪೈಪೋಟಿ. ಕೇರಳದ 2018ರ ಪ್ರವಾಹದ ನಂತರ ಅಲ್ಲಿಯ ಹೊಳೆಗಳಲ್ಲಿ ಅಮೆಜಾನಿನ ಅರಪೈಮಾ ಸಿಕ್ಕಿತು. 2023ರಲ್ಲಿ ಕಾಶ್ಮೀರದ ದಲ್ ಸರೋವರದಲ್ಲಿ ಉತ್ತರ ಅಮೆರಿಕದ ಅಲಿಗೇಟರ್ ಗಾರ್. ಇವು ತಾವಾಗಿ ಈಜಿ ಬಂದವಲ್ಲ. ಕಣಕುಂಬಿಯಲ್ಲಿ ಹುಟ್ಟಿ ನವಿಲುತೀರ್ಥದ ಅಣೆಕಟ್ಟಿಗೆ ಬರುವ ನೀರನ್ನು ಹುಬ್ಬಳ್ಳಿ-ಧಾರವಾಡದವರೂ ಕುಡಿಯುತ್ತಾರೆ. 2019ರ ಆಗಸ್ಟ್‌ನಲ್ಲಿ ಇದೇ ಹೊಳೆ ರಾಮದುರ್ಗದ ಊರೊಳಗೇ ಬಂದಿತ್ತು. ಒಂದು ಕಡೆ ಬಿಟ್ಟದ್ದು ಅಲ್ಲೇ ಇರುತ್ತದೆ ಅಂತ ಹೇಳೋದು ಕಷ್ಟ. ಕತ್ತರಿಸಿದ ಗಿಡಗಳನ್ನೂ ನಾನು ಚರಂಡಿಗೆ ಹಾಕೋದಿಲ್ಲ, ಒಣಗಿಸಿ ತಿಪ್ಪೆಗೆ.

ಹಾಗಾಗಿ ಮರಿಗಳಿಗೆ ಮನೆ ಹುಡುಕಿದೆ. ಹತ್ತು ಕಿತ್ತೂರಿಗೆ ವಾಪಸ್ ಹೋದವು, ಹೆಪ್ಪಿನ ಬಡ್ಡಿ ಅಂತ. ಸವದತ್ತಿಗೆ ಎಂಟು. ರಾಮದುರ್ಗದ ಹುಡುಗನೊಬ್ಬ, ನಮ್ಮ ಟೀಮಿನಲ್ಲೇ ಇದ್ದಾನೆ, ಅವನೂ ಮನೆಯಿಂದಲೇ ಕೆಲಸ ಮಾಡುವವನು. ಹೋದ ಶನಿವಾರ ಮಧ್ಯಾಹ್ನ ಫೋನ್ ಮಾಡಿದ. ಟ್ಯಾಂಕ್ ತಂದಿದ್ದೀನಿ, ಲೈಟ್ ಹಾಕಿದ್ದೀನಿ, ಭಾರೀ ಕಾಣ್ತದ, ಈಗಲೇ ಬೈಕ್ ತಗೊಂಡು ಬರ್ತೀನಿ, ಹನ್ನೆರಡು ಗಪ್ಪಿ ಕೊಡ್ರಿ ಅಣ್ಣಾ ಅಂದ.

ನಾನು ಮಾತಾಡುವ ಮೊದಲೇ ಅವ್ವ ಫೋನ್ ಇಸಿದುಕೊಂಡಳು.

"ಯಪ್ಪಾ, ನೀರ ತುಂಬಿ ಎಷ್ಟ ದಿನ ಆತು?"

"ಇವತ್ತ ಮುಂಜಾನೆ ತುಂಬೇನ್ರಿ ಅವ್ವಾರ."

"ಹಂಗಾದ್ರ ಇವತ್ತ ಬಂದು ಸ್ಪಂಜಿನ ತುಂಡ ಒಂದ್ ಒಯ್ಯಿ. ಊಟ ಮಾಡ್ಕೊಂಡ ಹೋಗ. ಮೀನಿಗೆ ಮುಂದಿನ ತಿಂಗಳ ಬಾ."